ಹೆರಿಗೆ ಕೋಣೆಯ ಟ್ಯೂಬ್‌ಲೈಟ್ ಆರಿಸಿದ ಸಿಸ್ಟರ್

ಹೋದ ವರ್ಷ ಶ್ರಾವಣದಲ್ಲಿ ನನ್ನ ತಂಗಿಗೆ ಹೆರಿಗೆ ಆಯಿತು. ಸರ್ಕಾರಿ ಆಸ್ಪತ್ರೆ. ರಾತ್ರಿ ಒಂಬತ್ತರ ಹೊತ್ತಿಗೆ ನೈಟ್ ಡ್ಯೂಟಿ ಸಿಸ್ಟರ್ ಬಂದರು. ತಂಗಿಯ ಮುಖ ನೋಡಿದರು, ಸೀದಾ ಗೋಡೆ ಹತ್ತಿರ ಹೋಗಿ ಅವಳ ತಲೆ ಮೇಲಿದ್ದ ಟ್ಯೂಬ್‌ಲೈಟ್ ಆರಿಸಿದರು. ಬಿಪಿ ನೋಡಿದ್ದು ಆಮೇಲೆ. ಬಾಗಿಲ ಹತ್ತಿರದ ಒಂದು ಬಲ್ಬ್ ಮಾತ್ರ ಉರಿಯುತ್ತಿತ್ತು.

ಆ ಟ್ಯೂಬ್ ಸಂಜೆಯಿಂದ ಗುಂಯ್ ಅಂತ ಸದ್ದು ಮಾಡುತ್ತಿತ್ತು ಅನ್ನೋದು ಅದು ನಿಂತ ಮೇಲೇ ನಮಗೆ ಗೊತ್ತಾಗಿದ್ದು. ತಂಗಿ ಅಷ್ಟು ಹೊತ್ತೂ ಮಂಚದ ಕಬ್ಬಿಣದ ಸರಳನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದುಕೊಂಡಿದ್ದಳು. ಮಬ್ಬುಗತ್ತಲಾದ ಸ್ವಲ್ಪ ಹೊತ್ತಿಗೆ ಬೆರಳು ಸಡಿಲವಾದವು. ಒಂದು ಉದ್ದ ಉಸಿರು ಬಿಟ್ಟಳು. ಪಕ್ಕದ ಸ್ಟೂಲ್ ಮೇಲೆ ಕೂತಿದ್ದ ನನಗೆ ಅಳು ಬಂದುಬಿಟ್ಟಿತು. ನನ್ನ ಹೆರಿಗೆಯಲ್ಲಿ ಯಾರಾದರೂ ಒಬ್ಬರು ಇಷ್ಟು ಮಾಡಿದ್ದರೆ ಸಾಕಿತ್ತು ಅನ್ನಿಸಿತು.

ನನ್ನದು ಚೊಚ್ಚಲ ಹೆರಿಗೆ, 2012ರಲ್ಲಿ. ಎಲ್ಲರ ಹಾಗೆ ತವರಿಗೆ ಬಂದಿದ್ದೆ. ಬೆಳಗಿನ ಜಾವ ನೋವು ಶುರುವಾಗಿ ಮಧ್ಯಾಹ್ನದ ಹೊತ್ತಿಗೆ ಐದೈದು ನಿಮಿಷಕ್ಕೆ ಬರುತ್ತಿತ್ತು. ನಡುಮನೆಯಿಂದ ಹಿತ್ತಿಲಿಗೆ, ಹಿತ್ತಿಲಿಂದ ನಡುಮನೆಗೆ ಓಡಾಡಿಕೊಂಡು, ನೋವು ಬಂದಾಗ ಕಂಬ ಹಿಡಿದು ನಿಂತು, ಹೋದಾಗ ಅಮ್ಮ ಕೊಟ್ಟ ಗಂಜಿ ಕುಡಿದು, ಹೇಗೋ ತಡೆದುಕೊಳ್ಳುವ ಹಾಗೇ ಇತ್ತು. ಆಮೇಲೆ ಆಸ್ಪತ್ರೆಗೆ ಹೋದೆವು. ಯಾವ ಆಸ್ಪತ್ರೆ ಅನ್ನೋದು ಬೇಡ, ಆಗ ಬಹಳ ಕಡೆ ಹಾಗೇ ನಡೆಯುತ್ತಿತ್ತು. ಲೇಬರ್ ವಾರ್ಡಿನ ಬಾಗಿಲಲ್ಲೇ ಅಮ್ಮನನ್ನು ತಡೆದರು. ಬಳೆ ಬಿಚ್ಚಿಸಿದರು, ಸರ ಬಿಚ್ಚಿಸಿದರು, ಕೊನೆಗೆ ಕನ್ನಡಕವನ್ನೂ ತೆಗೆಸಿ ಹೊರಗೆ ಕಳಿಸಿದರು. ನನಗೆ ಮೈನಸ್ ಐದು. ಕನ್ನಡಕ ಇಲ್ಲದಿದ್ದರೆ ಎದುರಿಗೆ ನಿಂತವರ ಕಣ್ಣು, ಮೂಗು ಯಾವುದೂ ಕಾಣಲ್ಲ. ಆ ಇಡೀ ರಾತ್ರಿ ನನ್ನ ಹತ್ತಿರ ಬಂದವರಿಗೆ ಯಾರಿಗೂ ಮುಖ ಇರಲಿಲ್ಲ. ಬಿಳಿ ಬಟ್ಟೆ, ಹಸಿರು ಬಟ್ಟೆ, ಅಷ್ಟೇ. ಯಾರು ಡಾಕ್ಟರ್, ಯಾರು ಆಯಾ, ಯಾರು ಕಲಿಯೋಕೆ ಬಂದ ಹುಡುಗಿ, ಒಂದೂ ತಿಳಿಯಲಿಲ್ಲ.

ಸಾಲಾಗಿ ಐದು ಟೇಬಲ್. ಮಧ್ಯೆ ಪರದೆ ಇಲ್ಲ. ಟೇಬಲ್ ಮೇಲಿನ ರಬ್ಬರ್ ಶೀಟ್ ತಣ್ಣಗೆ ಬೆನ್ನಿಗೆ ಅಂಟಿಕೊಳ್ಳುತ್ತಿತ್ತು. ಪಕ್ಕದವಳು ಕಿರುಚಿದಾಗಲೆಲ್ಲ ಯಾರೋ ಗದರುತ್ತಿದ್ದರು. ಒಬ್ಬರಾದ ಮೇಲೆ ಒಬ್ಬರು ಬಂದು ಒಳಗೆ ಕೈ ಹಾಕಿ ನೋಡಿ, ಗರ್ಭಕೋಶದ ಬಾಯಿ ಎಷ್ಟು ಬೆರಳು ತೆರೆದಿದೆ ಅಂತ ಅವರವರೇ ಹೇಳಿಕೊಂಡು ಹೋಗುತ್ತಿದ್ದರು. ನನಗೆ ಯಾರೂ ಹೇಳಲಿಲ್ಲ. ಎದ್ದು ಕೂರೋಕೆ ಹೋದರೆ ಮಲಗು ಅಂದರು. ನೀರು ಕೇಳಿದರೆ ಕೊಡಬಾರದು ಅಂದರು. ಬಂದ ಎರಡು ಗಂಟೆಯೊಳಗೆ ನೋವು ನಿಂತೇ ಹೋಯಿತು. ಮನೆಯಲ್ಲಿ ಅಷ್ಟು ಚೆನ್ನಾಗಿ ಬರುತ್ತಿದ್ದ ನೋವು! ಆಮೇಲೆ ನೋವು ಬರಿಸುವ ಡ್ರಿಪ್ ಹಾಕಿದರು, ಆಗ ಬಂದ ನೋವೇ ಬೇರೆ, ಮಧ್ಯೆ ಉಸಿರು ತೆಗೆದುಕೊಳ್ಳೋಕೂ ಬಿಡುವಿಲ್ಲ. ಬೆಳಗ್ಗೆ ಮಗಳು ಹುಟ್ಟಿದಳು. ಚೆನ್ನಾಗಿದ್ದಳು. ದೇವರ ದಯೆ.

ಮನೆಗೆ ಬಂದವರೆಲ್ಲ "ಮಗು ಚೆನ್ನಾಗಿದೆಯಲ್ಲ, ಇನ್ನೇನು ಬೇಕು" ಅಂದರು. ನಾನೂ ಹೌದು ಅಂದೆ. ಆದರೆ ಎಷ್ಟೋ ವರ್ಷ ನನ್ನ ಮನಸ್ಸಿನಲ್ಲಿ ಒಂದು ಮಾತು ಕೂತೇ ಇತ್ತು. ಎಲ್ಲರಿಗೂ ಬರುವ ನೋವು ನನಗೆ ಮಾತ್ರ ನಿಂತುಹೋಯಿತು, ನನ್ನ ಮೈಯಲ್ಲೇ ಏನೋ ಕೊರತೆ ಇದೆ ಅಂತ. ಈ ಮಾತನ್ನ ಗಂಡನಿಗೂ ಹೇಳಿರಲಿಲ್ಲ.

ತಂಗಿ ಬಸುರಿ ಅಂತ ಗೊತ್ತಾದ ಮೇಲೆ ಓದೋಕೆ ಶುರು ಮಾಡಿದೆ, ಗೊತ್ತಿರುವ ಡಾಕ್ಟರ್ ಒಬ್ಬರನ್ನೂ ಕೇಳಿದೆ. ಹೆರಿಗೆ ನೋವು ಬರಿಸುವುದು ಆಕ್ಸಿಟೋಸಿನ್ ಅನ್ನೋ ಹಾರ್ಮೋನ್. ಅದು ಬರೋದು ನಮ್ಮ ಮಿದುಳಿನಿಂದ. ಡ್ರಿಪ್‌ನಲ್ಲಿ ಹಾಕುವುದೂ ಅದನ್ನೇ, ಹೊರಗಿಂದ. ಹೆದರಿಕೆಯಾದಾಗ, ನಾಚಿಕೆಯಾದಾಗ, ಚಳಿಯಲ್ಲಿ ನಡುಗುವಾಗ ಮೈಯಲ್ಲಿ ಅಡ್ರಿನಾಲಿನ್ ಏರುತ್ತದೆ. ಓಡು ಇಲ್ಲಾ ಹೊಡೆದಾಡು ಅಂತ ಮೈಗೆ ಹೇಳುವ ಹಾರ್ಮೋನ್ ಅದು. ಓಡಬೇಕಾದ ಹೊತ್ತಿನಲ್ಲಿ ಮಗು ಹೆರೋಕೆ ಆಗಲ್ಲವಲ್ಲ, ಅದಕ್ಕೆ ನೋವಿನ ಮೊದಲ ಹಂತದಲ್ಲಿ ಹೀಗಾದರೆ ಗರ್ಭಕೋಶದ ಕೆಲಸ ನಿಧಾನವಾಗಬಹುದು. ಜೊತೆಗೆ ಹೆದರಿದವಳು ಮೈಯೆಲ್ಲ ಬಿಗಿ ಹಿಡಿಯುತ್ತಾಳೆ, ಬಿಗಿ ಹಿಡಿದಷ್ಟೂ ನೋವು ಜಾಸ್ತಿ, ನೋವು ಜಾಸ್ತಿಯಾದಷ್ಟೂ ಹೆದರಿಕೆ. ನೋವು ನಿಲ್ಲೋಕೆ ಬೇರೆ ಕಾರಣಗಳೂ ಇರುತ್ತವೆ, ಅದನ್ನ ಡಾಕ್ಟರ್ ನೋಡಿಯೇ ಹೇಳಬೇಕು. ಆದರೆ ಅವರು ನನ್ನ ಕಥೆ ಪೂರ್ತಿ ಕೇಳಿ, "ನಿಮ್ಮ ಮೈಯಲ್ಲಿ ಏನೂ ಕೊರತೆ ಇರಲಿಲ್ಲಮ್ಮ, ನೀವು ಹೆದರಿದ್ರಿ ಅಷ್ಟೇ ಇರಬೇಕು" ಅಂದರು. ಇದನ್ನ ಕೇಳೋಕೆ ನನಗೆ ಹನ್ನೆರಡು ವರ್ಷ ಬೇಕಾಯಿತು.

ನಮ್ಮಜ್ಜಿಗೆ ಈ ಹಾರ್ಮೋನ್ ಹೆಸರು ಯಾವುದೂ ಗೊತ್ತಿರಲಿಲ್ಲ. ಆದರೆ ಹಸು ಕರು ಹಾಕುವ ರಾತ್ರಿ ನಮ್ಮನ್ನ ಕೊಟ್ಟಿಗೆ ಹತ್ತಿರ ಬಿಡುತ್ತಿರಲಿಲ್ಲ. ಲಾಟೀನನ್ನು ಸಣ್ಣ ಮಾಡಿ ಮೂಲೆಯಲ್ಲಿಟ್ಟು, ಕೆಳಗೆ ಒಣ ಹುಲ್ಲು ಹಾಕಿ, ತಾನೊಬ್ಬಳೇ ಬಾಗಿಲ ಹತ್ತಿರ ಗೋಣಿಚೀಲ ಹಾಸಿಕೊಂಡು ಕೂರುತ್ತಿದ್ದಳು. ನಾವು ಇಣುಕಿದರೆ "ಹೋಗ್ರೇ, ನೀವು ನೋಡ್ತಾ ಇದ್ರೆ ಅದು ಹಾಕಲ್ಲ" ಅಂತ ಪಿಸುಗುಟ್ಟಿ ಗದರುತ್ತಿದ್ದಳು. ಜೋರಾಗಿ ಗದರುತ್ತಲೂ ಇರಲಿಲ್ಲ, ಹಸುವಿಗೆ ಗಾಬರಿ ಆಗುತ್ತೆ ಅಂತ.

ಫ್ರಾನ್ಸಿನ ಪಿತಿವಿಯೆ ಅನ್ನೋ ಸಣ್ಣ ಊರಿನ ಸರ್ಕಾರಿ ಆಸ್ಪತ್ರೆಯಲ್ಲಿ ಮಿಶೆಲ್ ಒಡಾನ್ ಅನ್ನೋ ಸರ್ಜನ್ 1960ರ ದಶಕದಿಂದ ಕೆಲಸ ಮಾಡುತ್ತಾ, ಹೆರಿಗೆ ಕೋಣೆಯನ್ನು ಮನೆಯ ಕೋಣೆ ಥರ ಮಾಡಿದರು. ಎತ್ತರದ ಟೇಬಲ್ ಬದಲು ತಗ್ಗಾದ ಹಾಸಿಗೆ, ಮಂದ ಬೆಳಕು, ಬೆಚ್ಚಗಿನ ನೀರಿನ ತೊಟ್ಟಿ. ಹೆರುವ ಹೆಂಗಸಿಗೆ ಬೇಕಾಗಿದ್ದು ಕತ್ತಲು, ಬೆಚ್ಚಗಿರುವುದು, ಸುಮ್ನಿರುವ ಜನ, ತನ್ನನ್ನ ಯಾರೂ ದಿಟ್ಟಿಸಿ ನೋಡುತ್ತಿಲ್ಲ ಅನ್ನೋ ನೆಮ್ಮದಿ ಅಂತ ಅವರು ಜೀವನಪೂರ್ತಿ ಹೇಳಿದರು. ಇದನ್ನ ಓದುವಾಗ ನನಗೆ ಕಂಡಿದ್ದು ಅಜ್ಜಿಯ ಲಾಟೀನು.

ನಮ್ಮ ಕಡೆ, ತುಮಕೂರು ಜಿಲ್ಲೆಯಲ್ಲಿ, ಸೂಲಗಿತ್ತಿ ನರಸಮ್ಮನ ಹೆಸರು ಕೇಳದವರಿಲ್ಲ. ಪಾವಗಡ ತಾಲ್ಲೂಕಿನ ಕೃಷ್ಣಾಪುರದವರು. 15 ಸಾವಿರಕ್ಕೂ ಜಾಸ್ತಿ ಹೆರಿಗೆ ಮಾಡಿಸಿದ ತಾಯಿ, ಒಂದು ಪೈಸೆ ಮುಟ್ಟದೆ. 2018ರಲ್ಲಿ ಪದ್ಮಶ್ರೀ ಬಂತು, ಅದೇ ವರ್ಷ ಡಿಸೆಂಬರ್ 25ಕ್ಕೆ ತೀರಿಕೊಂಡರು. ನಮ್ಮಮ್ಮ ಹುಟ್ಟಿದ್ದೂ ಊರಿನ ಒಬ್ಬ ಸೂಲಗಿತ್ತಿಯ ಕೈಯಲ್ಲೇ. ಅಜ್ಜಿ ಆ ಹೆಂಗಸಿನ ಬಗ್ಗೆ ಹೇಳುವಾಗ ಔಷಧಿ, ಬೇರು, ಕಷಾಯದ ಮಾತು ಬರುತ್ತಲೇ ಇರಲಿಲ್ಲ. "ಸೊಂಟಕ್ಕೆ ಹರಳೆಣ್ಣೆ ಹಚ್ಚಿ ನೀವ್ತಾ ಇದ್ಲು ಕಣವ್ವ, ಬೆಳಗಾನಾ ಕೈ ಬಿಡ್ಲಿಲ್ಲ" ಅನ್ನುತ್ತಿದ್ದಳು. ಅರವತ್ತು ವರ್ಷ ಕಳೆದ ಮೇಲೂ ಅಜ್ಜಿಗೆ ನೆನಪಿದ್ದಿದ್ದು ಆ ಕೈ.

ಮನೆಯಲ್ಲೇ ಹೆರಿಗೆ ಮಾಡಿಸಿಕೊಳ್ಳಿ ಅಂತ ನಾನು ಖಂಡಿತ ಹೇಳುತ್ತಿಲ್ಲ. ಅದೇ ಅಜ್ಜಿಯ ಅಕ್ಕ ಹೆರಿಗೆಯಲ್ಲೇ ಹೋದಳು, ಕಸ, ಅಂದರೆ ಮಾಸು, ಬೀಳದೆ ರಕ್ತ ನಿಲ್ಲಲಿಲ್ಲ. ರಕ್ತ ಹೋಗುವುದಕ್ಕೆ, ಬಿಪಿ ಏರಿ ಫಿಟ್ಸ್ ಬರುವುದಕ್ಕೆ ಆಸ್ಪತ್ರೆ ಬೇಕೇ ಬೇಕು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಕರ್ನಾಟಕದಲ್ಲಿ ನೂರಕ್ಕೆ 97 ಹೆರಿಗೆ ಆಸ್ಪತ್ರೆಯಲ್ಲೇ ಆಗುತ್ತಿದೆ. ಇದು ಆಶಾ ಕಾರ್ಯಕರ್ತೆಯರು ಬಿಸಿಲಲ್ಲಿ ಮನೆಮನೆ ತಿರುಗಿ ಗಳಿಸಿಕೊಟ್ಟದ್ದು. ನನ್ನ ಸಂಕಟ ಬೇರೆ. ಹೆರಿಗೆಯನ್ನ ಮನೆಯಿಂದ ಆಸ್ಪತ್ರೆಗೆ ಸಾಗಿಸುವಾಗ ಆ ಬೆಳಗಿನವರೆಗೆ ಬಿಡದ ಕೈಯನ್ನ ನಾವು ಹೊಸಿಲಾಚೆಯೇ ಬಿಟ್ಟುಬಂದೆವು. ಅದನ್ನ ಒಳಗೆ ಕರೆದುಕೊಂಡು ಬರಬಹುದಿತ್ತು. ಈಗಲೂ ಬರಬಹುದು.

ಬಹಳ ಜನಕ್ಕೆ ಗೊತ್ತಿಲ್ಲದ ಒಂದು ವಿಷಯ ಇದೆ. ಸರ್ಕಾರಿ ಆಸ್ಪತ್ರೆಯ ಹೆರಿಗೆ ಕೋಣೆಯಲ್ಲಿ ಜೊತೆಗೆ ಒಬ್ಬರು ಇರಬಹುದು ಅಂತ ಕೇಂದ್ರ ಆರೋಗ್ಯ ಇಲಾಖೆ 2016ರಲ್ಲೇ ಹೇಳಿದೆ. ಹೆರಿಗೆಯಾಗಿ ಅನುಭವ ಇರುವ ಮನೆಯ ಹೆಂಗಸಾದರೆ ಒಳ್ಳೆಯದು. ಮಧ್ಯೆ ಪರದೆ, ಮರೆ ಇರುವ ಕಡೆ ಗಂಡನೂ ಇರಬಹುದು. ಬಂದವರಿಗೆ ಅಂಟುರೋಗ ಇರಬಾರದು, ಬಟ್ಟೆ ಶುಭ್ರವಾಗಿರಬೇಕು, ಸಿಬ್ಬಂದಿಯ ಕೆಲಸಕ್ಕೆ ಅಡ್ಡ ಬರಬಾರದು. ಆಮೇಲೆ 2017ರ ಡಿಸೆಂಬರ್‌ನಲ್ಲಿ 'ಲಕ್ಷ್ಯ' ಅನ್ನೋ ಕಾರ್ಯಕ್ರಮ ಬಂತು, ಸರ್ಕಾರಿ ಹೆರಿಗೆ ಕೋಣೆಗಳನ್ನು ಸರಿ ಮಾಡೋಕೇ ಅಂತ. ಪರದೆ ಇರಬೇಕು, ಬೈಯಬಾರದು, ಹೊಡೆಯಬಾರದು, ಜೊತೆಗೊಬ್ಬರನ್ನು ಬಿಡಬೇಕು, ಎಲ್ಲ ಅದರಲ್ಲಿದೆ. ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಹೆರಿಗೆ ಸಮಯದ ಆರೈಕೆಗೆ ಅಂತ 56 ಸಲಹೆ ಕೊಟ್ಟಿತು. ತಾಯಿ ಬಯಸಿದವರು ಜೊತೆಗಿರಬೇಕು, ತೊಂದರೆ ಇಲ್ಲದ ಹೆಂಗಸು ಓಡಾಡಬಹುದು, ಕುಡಿಯಬಹುದು, ತಿನ್ನಬಹುದು ಅಂತ ಅದರಲ್ಲೂ ಇದೆ. ಒಳಗೆ ಕೈ ಹಾಕಿ ನೋಡುವುದು ನಾಲ್ಕು ಗಂಟೆಗೊಮ್ಮೆ ಸಾಕು ಅಂತಲೂ ಇದೆ. ಇದನ್ನ ಓದಿದ ದಿನ ನಾನು ಮೊಬೈಲ್ ಕೆಳಗಿಟ್ಟು ಸುಮ್ನೆ ಕೂತುಬಿಟ್ಟೆ. 2012ರಲ್ಲಿ ಲೆಕ್ಕವೇ ಇರಲಿಲ್ಲ.

ಜೊತೆಗೊಬ್ಬರು ಇದ್ದರೆ ಏನಾಗುತ್ತೆ ಅಂತ ಲೆಕ್ಕ ಹಾಕಿಯೂ ನೋಡಿದ್ದಾರೆ. 17 ದೇಶಗಳ 15 ಸಾವಿರಕ್ಕೂ ಜಾಸ್ತಿ ಹೆಂಗಸರ ಮೇಲಿನ 26 ಅಧ್ಯಯನಗಳನ್ನು ಒಟ್ಟಿಗೆ ಸೇರಿಸಿ ಕಾಕ್ರೇನ್ ಸಂಸ್ಥೆ 2017ರಲ್ಲಿ ವರದಿ ಕೊಟ್ಟಿತು. ಪೂರ್ತಿ ಹೊತ್ತು ಯಾರಾದರೂ ಜೊತೆಗಿದ್ದವರಿಗೆ ನಾರ್ಮಲ್ ಹೆರಿಗೆ ಆಗುವ ಸಾಧ್ಯತೆ ಜಾಸ್ತಿ, ಸಿಸೇರಿಯನ್ ಕಡಿಮೆ, ನೋವಿನ ಹೊತ್ತೂ ಸ್ವಲ್ಪ ಕಡಿಮೆ. ಇದು ಹೊಸ ಮಾತ್ರೆಯಾಗಿದ್ದರೆ ಪ್ರತಿ ವಾರ್ಡಿನಲ್ಲೂ ಇಟ್ಟಿರುತ್ತಿದ್ದರು. ಮನುಷ್ಯರು ಅನ್ನೋ ಕಾರಣಕ್ಕೆ ಬಾಗಿಲ ಹೊರಗೆ ನಿಲ್ಲಿಸುತ್ತಾರಲ್ಲ, ಅದೇ ನನಗೆ ನೋವು.

ಹಾಗಾಗಿ ತಂಗಿಗೆ ಎಂಟು ತಿಂಗಳಾಗಿದ್ದಾಗಲೇ ನಾನು ಆಸ್ಪತ್ರೆಗೆ ಹೋಗಿ ಕೇಳಿದೆ. ನೋವು ಬಂದ ರಾತ್ರಿ ಬಾಗಿಲಲ್ಲಿ ನಿಂತು ಜಗಳ ಆಡುವ ಬದಲು ಮೊದಲೇ ಕೇಳಿಟ್ಟುಕೊಳ್ಳುವುದು ಒಳ್ಳೆಯದು, ಅಲ್ವಾ? ಅಲ್ಲಿನ ಹಿರಿಯ ಸಿಸ್ಟರ್ "ಒಬ್ಬರು ಬನ್ನಿ, ಮಧ್ಯೆ ಮಧ್ಯೆ ಬದಲಾಯಿಸಬೇಡಿ, ಉಗುರು ಕತ್ತರಿಸಿಕೊಂಡು ಬನ್ನಿ" ಅಂದರು. ಅಷ್ಟೇ. ನಾನು ಮನಸ್ಸಿನಲ್ಲಿ ಎಷ್ಟೋ ವಾದ ಕಟ್ಟಿಕೊಂಡು ಹೋಗಿದ್ದೆ, ಒಂದೂ ಬೇಕಾಗಲಿಲ್ಲ.

ಆ ರಾತ್ರಿಯ ಸಿಸ್ಟರ್ ಬಗ್ಗೆ ಇನ್ನೂ ಹೇಳಬೇಕು. ಲೈಟ್ ಆರಿಸಿದ ಮೇಲೆ ತಂಗಿಯ ಹತ್ತಿರ ಬಂದು, ಬಗ್ಗಿ, ಅವಳ ಮುಖದ ಮಟ್ಟಕ್ಕೆ ತಮ್ಮ ಮುಖ ತಂದು ಹೆಸರು ಕೇಳಿದರು. ತಮ್ಮ ಹೆಸರೂ ಹೇಳಿದರು. ಬೆಳಗ್ಗೆ ಎಂಟರವರೆಗೆ ನಾನಿರ್ತೀನಿ ಅಂದರು. ಆ ಮಾತಿಗೆ ತಂಗಿಯ ಮುಖ ಹೇಗಾಯಿತು ಗೊತ್ತಾ! ಮುಟ್ಟುವ ಮೊದಲು ಪ್ರತಿಸಲ "ಈಗ ಮುಟ್ತೀನಿ ಕಂದಾ" ಅಂತ ಹೇಳಿ ಮುಟ್ಟಿದರು. ಒಳಗೆ ನೋಡಬೇಕಾದಾಗ ಮೊದಲು ಪರದೆ ಎಳೆದರು, ನೋವು ಬಂದು ಹೋಗುವವರೆಗೆ ಕಾದರು, ಆಮೇಲೆ ಎಷ್ಟು ತೆರೆದಿದೆ ಅಂತ ಮೊದಲು ಅವಳಿಗೇ ಹೇಳಿದರು.

ವಾರ್ಡಿನ ಬಾಗಿಲು ತಗಡಿನದು. ಮುಚ್ಚಿದಾಗಲೆಲ್ಲ ಢಬ್ ಅನ್ನಬೇಕಾದ ಬಾಗಿಲು ಸದ್ದೇ ಮಾಡುತ್ತಿರಲಿಲ್ಲ. ಯಾಕೆ ಅಂತ ನೋಡಿದರೆ ಚಿಲಕಕ್ಕೆ ದಪ್ಪ ಹತ್ತಿ ಸುತ್ತಿ ಮೇಲೆ ಬ್ಯಾಂಡೇಜಿನ ಪ್ಲಾಸ್ಟರ್ ಅಂಟಿಸಿದ್ದರು. ಪ್ಲಾಸ್ಟರ್ ಕೊಳೆಯಾಗಿ ಅಂಚು ಎದ್ದಿತ್ತು, ಅದರ ಮೇಲೆ ಹೊಸದೊಂದು ಸುತ್ತು. ಅಂದರೆ ಯಾರೋ ಇದನ್ನ ಬಹಳ ದಿನದಿಂದ ನೋಡಿಕೊಳ್ಳುತ್ತಿದ್ದಾರೆ. ಕೇಳಿದ್ದಕ್ಕೆ ಸಿಸ್ಟರ್, "ಬಾಗಿಲು ಢಬ್ ಅಂದಾಗಲೆಲ್ಲ ಹುಡುಗಿಯರು ಬೆಚ್ಚಿ ಬೀಳ್ತಾರಮ್ಮ, ನೋವು ತಪ್ಪಿಹೋಗುತ್ತೆ" ಅಂದರು.

ಹನ್ನೊಂದರ ಹೊತ್ತಿಗೆ ತಂಗಿಗೆ ಮಲಗೋಕೆ ಆಗಲಿಲ್ಲ. ಬೆನ್ನ ಮೇಲೆ ನೇರ ಮಲಗಿದರೆ ಗರ್ಭಕೋಶದ ಭಾರವೆಲ್ಲ ಹಿಂದಿನ ದೊಡ್ಡ ರಕ್ತನಾಳದ ಮೇಲೆ ಬೀಳುತ್ತದೆ, ತಲೆ ಸುತ್ತುತ್ತದೆ, ಮಗುವಿಗೂ ಒಳ್ಳೆಯದಲ್ಲ. ಸಿಸ್ಟರ್ ಮಗುವಿನ ಎದೆಬಡಿತ ಕೇಳಿ ನೋಡಿ, ಎದ್ದು ಓಡಾಡು ಅಂದರು. ಕಿಟಕಿ ಕಟ್ಟೆಗೆ ಕೈ ಊರಿ ಬಗ್ಗಿ ನಿಂತಳು. ನಾನು ಹಿಂದೆ ನಿಂತು, ಸೊಂಟದ ಕೆಳಗೆ, ಬೆನ್ನುಮೂಳೆ ಮುಗಿಯುವ ಜಾಗದಲ್ಲಿ ಅಂಗೈಯ ಬುಡದಿಂದ ಒತ್ತಿ ಹಿಡಿದೆ. ಸುಮ್ನೆ ಸವರಿದರೆ ಅವಳಿಗೆ ಕಿರಿಕಿರಿ, "ಒತ್ತು ಅಕ್ಕ, ಇನ್ನೂ ಜೋರಾಗಿ ಒತ್ತು" ಅನ್ನುತ್ತಿದ್ದಳು. ನೋವು ಬಂದಾಗ ಅವಳ ಬೆನ್ನು ನನ್ನ ಕೈಯ ಕೆಳಗೆ ಗಟ್ಟಿಯಾಗುತ್ತಿತ್ತು, ಹೋದಾಗ ಮೆತ್ತಗೆ. ಸ್ವಲ್ಪ ಹೊತ್ತಾದ ಮೇಲೆ ಅವಳು ಬಾಯಿ ಬಿಡುವ ಮೊದಲೇ ನನ್ನ ಕೈಗೆ ಗೊತ್ತಾಗುತ್ತಿತ್ತು. ಮಾತು ಕಡಿಮೆಯಾಯಿತು. ನೋವು ಬಿಟ್ಟಾಗ ಒಂದು ಗುಟುಕು ಎಳನೀರು, ಒದ್ದೆ ಬಟ್ಟೆಯಿಂದ ಕತ್ತು ಒರೆಸುವುದು, ಮತ್ತೆ ಕಿಟಕಿ ಕಟ್ಟೆ.

ಎರಡೂವರೆಗೆ ಇದ್ದಕ್ಕಿದ್ದಂತೆ "ನನ್ನ ಕೈಲಿ ಆಗಲ್ಲ, ಮನೆಗೆ ಕರ್ಕೊಂಡು ಹೋಗು, ಕೊಯ್ದು ತೆಗೀಲಿ" ಅಂತ ಅಳೋಕೆ ಶುರು ಮಾಡಿದಳು. ಮೈಯೆಲ್ಲ ನಡುಗುತ್ತಿತ್ತು. ನನಗೆ ಕೈಕಾಲು ಬಿದ್ದುಹೋದ ಹಾಗಾಯಿತು. ಸಿಸ್ಟರ್ ಮಾತ್ರ ನಕ್ಕರು. "ಈ ಮಾತಿಗೇ ಕಾಯ್ತಿದ್ದೆ ಕಂದಾ. ಎಲ್ಲರೂ ಕೊನೆಗೆ ಇದನ್ನೇ ಹೇಳೋದು. ಹತ್ತಿರ ಬಂದಿದೀಯ" ಅಂದರು. ಪೂರ್ತಿ ತೆರೆದುಕೊಳ್ಳುವ ಆ ಕೊನೆಯ ಹೊತ್ತಿನಲ್ಲಿ ಬಹಳ ಹೆಂಗಸರಿಗೆ ಹೀಗೇ ಆಗುತ್ತದಂತೆ. ಇದನ್ನ ಜೊತೆಗೆ ಹೋಗುವ ಪ್ರತಿಯೊಬ್ಬರೂ ತಿಳಿದುಕೊಂಡು ಹೋಗಬೇಕು. ಆ ಹೊತ್ತಿನಲ್ಲಿ ನಮ್ಮ ಮುಖದಲ್ಲಿ ಗಾಬರಿ ಕಂಡರೆ ಅವಳು ಹಿಡಿದುಕೊಳ್ಳೋಕೆ ಇನ್ನೇನೂ ಇರಲ್ಲ.

ಮೂರೂ ಮುಕ್ಕಾಲಿಗೆ ಗಂಡು ಮಗು. ಡಾಕ್ಟರ್ ಬಂದಿದ್ದರು. "ಮುಕ್ಕಮ್ಮ, ಮುಕ್ಕು" ಅಂತ ಅರಚಾಟ ಇರಲಿಲ್ಲ, ಅವಳಿಗೆ ಬಂದಾಗ ಮುಕ್ಕಿದಳು, ಬರದಿದ್ದಾಗ ಬಿಟ್ಟರು. ಮಗುವನ್ನ ಒರೆಸಿ ಅವಳ ಎದೆ ಮೇಲೇ ಹಾಕಿ ಮೇಲೊಂದು ಬೆಚ್ಚನೆಯ ಬಟ್ಟೆ ಹೊದಿಸಿದರು. ಕಸ ಬಿತ್ತು. ಎರಡು ಹೊಲಿಗೆ ಹಾಕಬೇಕಿತ್ತು, ಅದಕ್ಕೆ ಬೆಳಕು ಬೇಕೇ ಬೇಕು. ಸಿಸ್ಟರ್ ಸ್ವಿಚ್ ಹತ್ತಿರ ಹೋಗಿ, ತಿರುಗಿ, "ಲೈಟ್ ಹಾಕ್ತೀನಿ, ಕಣ್ಣು ಮುಚ್ಕೊ. ಮಗು ಕಣ್ಣಿಗೂ ಕೈ ಅಡ್ಡ ಇಡು" ಅಂದರು.

ಇಷ್ಟೆಲ್ಲಕ್ಕೂ ಖರ್ಚಾಗಿದ್ದು ಒಂದು ಹಿಡಿ ಹತ್ತಿ, ಒಂದು ಸುತ್ತು ಪ್ಲಾಸ್ಟರ್. ಈಗ ಬೆಂಗಳೂರಿನ ಕೆಲವು ಖಾಸಗಿ ಆಸ್ಪತ್ರೆಗಳಲ್ಲಿ ಬರ್ತಿಂಗ್ ಸೂಟ್ ಅಂತ ಇರುತ್ತೆ, ಬಣ್ಣದ ದೀಪ, ದೊಡ್ಡ ಬಾಲ್, ಸ್ನಾನದ ತೊಟ್ಟಿ, ಸಣ್ಣಗೆ ಸಂಗೀತ. ಕೈಗೆಟುಕುವವರು ಖಂಡಿತ ತೆಗೆದುಕೊಳ್ಳಲಿ, ಬೆಚ್ಚಗಿನ ನೀರಿಗೆ ನೋವು ತಗ್ಗಿಸುವ ಗುಣ ನಿಜಕ್ಕೂ ಇದೆ. ಆದರೆ ಅಂಥ ಕೋಣೆಯಲ್ಲೂ ಒಳಗೆ ಬಂದವರು ಹೆಸರು ಕೇಳದೆ ಕಾಲು ಅಗಲಿಸು ಅಂದರೆ ಆ ದೀಪ, ಸಂಗೀತ ಯಾವುದೂ ಕೆಲಸಕ್ಕೆ ಬರಲ್ಲ. ಮಾತೇ ಮೊದಲು. ಕೋಣೆ ಆಮೇಲೆ.

ಸಿಸ್ಟರ್‌ಗಳ ಕಷ್ಟವನ್ನೂ ಹೇಳದಿದ್ದರೆ ತಪ್ಪಾಗುತ್ತದೆ. ನನ್ನ ಹೆರಿಗೆಯ ರಾತ್ರಿ ಆ ಐದು ಟೇಬಲ್‌ಗೆ ಇದ್ದದ್ದು ಇಬ್ಬರೇ. ಒಬ್ಬಳ ಮಗು ಬರುತ್ತಿದೆ, ಇನ್ನೊಬ್ಬಳಿಗೆ ರಕ್ತ ನಿಲ್ಲುತ್ತಿಲ್ಲ, ಮೂರನೆಯವಳು ಕೂಗುತ್ತಿದ್ದಾಳೆ, ರಿಜಿಸ್ಟರ್ ಬರೆಯುವುದು ಬಾಕಿ. ಯಾರೇ ಆದರೂ ದನಿ ಏರುತ್ತದೆ. ಜೊತೆಗೆ ಬರುವ ಒಬ್ಬ ಅಕ್ಕ, ಒಬ್ಬ ಅಮ್ಮ, ಅವರಿಗೆ ಭಾರ ಅಲ್ಲ, ಅವರ ಕೆಲಸ ಹಗುರ ಮಾಡುತ್ತಾರೆ. ನೀರು ಕುಡಿಸುವುದು, ಬೆನ್ನು ಒತ್ತುವುದು, ಬಾತ್‌ರೂಮಿಗೆ ಕರೆದುಕೊಂಡು ಹೋಗುವುದು, ಏನಾದರೂ ಬೇರೆ ಥರ ಕಂಡರೆ ತಕ್ಷಣ ಕರೆಯುವುದು. ನಮ್ಮ ದೇಶದಲ್ಲಿ ಮಿಡ್‌ವೈಫ್‌ಗಳ ತರಬೇತಿಗೆ ಕೇಂದ್ರ ಸರ್ಕಾರ 2018ರ ಕೊನೆಗೆ ಮಾರ್ಗಸೂಚಿ ತಂದಿದೆ, ನಾರ್ಮಲ್ ಹೆರಿಗೆಯನ್ನ ಮೊದಲಿಂದ ಕೊನೆವರೆಗೆ ನೋಡಿಕೊಳ್ಳೋಕೇ ಅಂತ ಕಲಿತ ನರ್ಸ್‌ಗಳು. ಅಂಥವರು ಪ್ರತಿ ತಾಲ್ಲೂಕಿಗೂ ಬೇಗ ಬರಲಿ ಅಂತ ನನ್ನ ಆಸೆ.

ಜೊತೆಗೆ ಹೋಗುವವರಿಗೆ ನಾನು ಕಲಿತದ್ದು ಒಂದಿಷ್ಟು. ಫೋನ್ ಆರಿಸಿ. ನಮ್ಮ ಚಿಕ್ಕಮ್ಮ ಅರ್ಧ ಗಂಟೆಗೊಮ್ಮೆ "ಆಯ್ತಾ? ಇನ್ನೂ ಆಗಿಲ್ವಾ?" ಅಂತ ಕೇಳುತ್ತಿದ್ದರು, ಪ್ರೀತಿಯಿಂದಲೇ. ಆದರೆ ಪ್ರತಿ ಸಲ ಆ ರಿಂಗ್ ಆದಾಗ ತಂಗಿಯ ಹುಬ್ಬು ಗಂಟಾಗುತ್ತಿತ್ತು. ಹೊರಗಿರುವ ಒಬ್ಬರಿಗೆ ಎಲ್ಲ ಫೋನಿನ ಜವಾಬ್ದಾರಿ ವಹಿಸಿಬಿಡಿ. ಯಾರಿಗೋ ಹೆರಿಗೆಯಲ್ಲಿ ಹೀಗಾಯಿತು ಹಾಗಾಯಿತು ಅನ್ನುವ ಕಥೆ ಆ ಕೋಣೆಯಲ್ಲಿ ಬೇಡ. ನೋವು ಬಂದು ಹೋಗುವ ನಡುವೆ ಮಾತಾಡಿಸಿ, ಬಂದಾಗ ಸುಮ್ನಿರಿ. ಏನು ಹಿತ ಅನ್ನಿಸುತ್ತೆ ಅಂತ ಅವಳನ್ನೇ ಕೇಳಿ, ಒಬ್ಬಳಿಗೆ ದೇವರನಾಮ ಬೇಕು, ಇನ್ನೊಬ್ಬಳಿಗೆ ಸದ್ದೇ ಬೇಡ, ತಂಗಿಗೆ ಊದಿನಕಡ್ಡಿ ವಾಸನೆ ಇಷ್ಟ ಇದ್ದರೂ ಆವತ್ತು ಪಕ್ಕದವರು ಹಾಕಿಕೊಂಡಿದ್ದ ಮಲ್ಲಿಗೆಗೇ ವಾಕರಿಕೆ ಬಂತು. ಕಾಲಿಗೆ ಸಾಕ್ಸ್ ಹಾಕಿ, ನೋವಿನಲ್ಲಿ ಪಾದ ತಣ್ಣಗಾಗುತ್ತದೆ. ಡಾಕ್ಟರ್ ಏನಾದರೂ ಮಾಡುತ್ತೇವೆ ಅಂದಾಗ ಯಾಕೆ ಅಂತ ಮೆತ್ತಗೆ ಕೇಳಿ. ತುರ್ತು ಇದ್ದರೆ ಅವರೇ ಹೇಳುತ್ತಾರೆ, ಆಗ ವಾದ ಬೇಡ. ತುರ್ತು ಇಲ್ಲದಿದ್ದರೆ ಸ್ವಲ್ಪ ಕಾಯಬಹುದಾ ಅಂತ ಕೇಳುವುದರಲ್ಲಿ ತಪ್ಪಿಲ್ಲ.

ನೋವು ಗೊತ್ತಾಗದಿರಲಿ ಅಂತ ಬೆನ್ನಿಗೆ ಕೊಡುವ ಎಪಿಡ್ಯೂರಲ್ ತೆಗೆದುಕೊಂಡವರು, ಸಿಸೇರಿಯನ್ ಆದವರು ಇದನ್ನ ಓದಿ ನಾವು ಸೋತೆವು ಅಂದುಕೊಳ್ಳಬೇಡಿ, ದಯವಿಟ್ಟು. ಅದೇ 2019-21ರ ಸಮೀಕ್ಷೆಯಲ್ಲೇ ನಮ್ಮ ರಾಜ್ಯದಲ್ಲಿ ಹತ್ತಿರ ಹತ್ತಿರ ಮೂರರಲ್ಲಿ ಒಂದು ಹೆರಿಗೆ ಸಿಸೇರಿಯನ್ ಆಗಿತ್ತು. ಆಪರೇಷನ್ ಥಿಯೇಟರಿನಲ್ಲೂ ಹೆದರಿಕೆ ಇದ್ದೇ ಇರುತ್ತದೆ, ಎಚ್ಚರವಾಗಿಯೇ ಇರುತ್ತೀರಲ್ಲ. ನನ್ನ ಗೆಳತಿಯೊಬ್ಬಳಿಗೆ ಅರಿವಳಿಕೆ ಡಾಕ್ಟರ್ ತಲೆಯ ಹತ್ತಿರವೇ ಕೂತು, ಈಗ ಎಳೆದ ಹಾಗೆ ಅನ್ನಿಸುತ್ತೆ, ಈಗ ಮಗು ಅಳುತ್ತೆ ನೋಡಿ ಅಂತ ಒಂದೊಂದೇ ಹೇಳುತ್ತಾ ಹೋದರಂತೆ. ಅವಳು ಇವತ್ತಿಗೂ ಆ ಡಾಕ್ಟರನ್ನ ನೆನೆಯುತ್ತಾಳೆ.

ಮುಂದಿನ ತಿಂಗಳು ಚಿಕ್ಕಪ್ಪನ ಮಗಳಿಗೆ ದಿನ ತುಂಬುತ್ತೆ. ಅವಳ ಅತ್ತೆಗೆ ಮಂಡಿನೋವು, ಚಿಕ್ಕಮ್ಮನಿಗೆ ಬಿಪಿ, ಹಾಗಾಗಿ ನಾನೇ ಹೋಗುತ್ತೇನೆ ಅಂದಿದ್ದೇನೆ. ಆಸ್ಪತ್ರೆ ಬೇರೆ, ಹೋದ ವಾರ ಹೋಗಿ ಕೇಳಿದೆ. ಮೊದಲು ಆಗಲ್ಲ ಅಂದರು, ಆಮೇಲೆ ಡಾಕ್ಟರನ್ನ ಕೇಳಿ ಬಂದು, ಬನ್ನಿ ಆದರೆ ಒಬ್ಬರೇ ಅಂದರು. ಬ್ಯಾಗ್ ತಯಾರಾಗಿದೆ. ತಾಯಿ ಕಾರ್ಡ್, ಸ್ಕ್ಯಾನಿಂಗ್ ರಿಪೋರ್ಟು, ಎರಡು ಹಳೇ ಕಾಟನ್ ಸೀರೆ, ಸಾಕ್ಸ್, ಸ್ಟ್ರಾ ಇರುವ ನೀರಿನ ಬಾಟಲಿ, ಖರ್ಜೂರ, ಸಣ್ಣ ಬಾಟಲಿಯಲ್ಲಿ ಹರಳೆಣ್ಣೆ. ಅವಳಿಗೂ ಕನ್ನಡಕ ಇದೆ. ಬಾಗಿಲಲ್ಲಿ ತೆಗೆಸಿದರೆ ನನ್ನ ಕೈಗೆ ಕೊಡು, ಒಳಗೆ ಹೋದ ಕೂಡಲೇ ನಾನೇ ಅವರನ್ನ ಕೇಳಿ ನಿನಗೆ ಹಾಕ್ತೀನಿ ಅಂತ ಅವಳಿಗೆ ಹೇಳಿದ್ದೇನೆ.